ನಿಂತು ದುಡಿಯುವವರ ಹಿಮ್ಮಡಿ ನೋವು

ಕಾಪುವಿನಿಂದ ಉಡುಪಿಗೆ ದಿನಾ ಬಸ್ಸಿನಲ್ಲಿ ಬಂದು ಜವಳಿ ಅಂಗಡಿಯಲ್ಲಿ ಸೀರೆ ತೋರಿಸುವುದು ನನ್ನ ಕೆಲಸ. ರಾತ್ರಿ 8ರವರೆಗೆ ನಿಂತೇ ಇರಬೇಕು, ಅದೂ ಬರಿಗಾಲಲ್ಲಿ, ಗ್ರಾನೈಟ್ ನೆಲದ ಮೇಲೆ. ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಯ್ತು ಮಾರಾಯ್ರೆ! ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆ. ವಾಯು ಇರಬೇಕು ಅಂತ ಎಣ್ಣೆ ತಿಕ್ಕಿ ಎರಡು ತಿಂಗಳು ಕಳೆದೆ.

ಕೊನೆಗೆ ಮಣಿಪಾಲಕ್ಕೆ ಹೋದೆ. ಡಾಕ್ಟರು ಹೇಳಿದ ಹೆಸರು ‘ಪ್ಲಾಂಟರ್ ಫೇಸಿಯೈಟಿಸ್’. ಹಿಮ್ಮಡಿಯಿಂದ ಬೆರಳುಗಳವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಉಂಟಂತೆ; ರಾತ್ರಿ ಬಿಗಿದುಕೊಂಡದ್ದು ಬೆಳಗ್ಗೆ ಒಮ್ಮೆಲೇ ಎಳೆಯುವುದರಿಂದ ಮೊದಲ ಹೆಜ್ಜೆಗೇ ಅಷ್ಟು ನೋವು. “ಮಾತ್ರೆಗಿಂತ ಮೊದಲು ಚಪ್ಪಲಿ ಬದಲಿಸಿ” ಅಂದರು.

ನನ್ನದು ಹವಾಯಿ, ಸವೆದು ಹಪ್ಪಳ. ಜೊತೆಗೆ ಕೆಲಸ ಮಾಡುವ ಕಾರ್ಕಳದ ಅಕ್ಕ ಆರಿಸಲು ಕಲಿಸಿದರು: ಸಂಜೆ, ಪಾದ ತುಸು ಊದಿರುವಾಗಲೇ ಅಂಗಡಿಗೆ ಹೋಗಬೇಕು, ಚಪ್ಪಲಿ ಬೆರಳಿನ ಬುಡದಲ್ಲಿ ಬಗ್ಗಬೇಕು, ನಡುವಿನಲ್ಲಿ ಮಡಚಿಕೊಳ್ಳಬಾರದು, ಹಿಮ್ಮಡಿ ಕೂರುವಲ್ಲಿ ಸಣ್ಣ ಕುಳಿ ಇರಬೇಕು. ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನದು ತೆಗೆದುಕೊಂಡೆ. ಮಧುಮೇಹದಿಂದ ಪಾದ ಜೋಮು ಹಿಡಿದವರಿಗೂ ಇದನ್ನೇ ಕೊಡುವುದು.

ಆದರೆ ಅಂಗಡಿಯೊಳಗೆ ಚಪ್ಪಲಿ ಕೂಡದಲ್ಲ! ಹೆದರುತ್ತಾ ಧಣಿಗಳ ಹತ್ತಿರ ಕೇಳಿದೆ. “ಒಳಗೆ ಮಾತ್ರ ಹಾಕುವ ಬೇರೆ ಜೊತೆ ಇಟ್ಕೊಳ್ಳಿ” ಅಂದರು. ಸ್ಟೂಲ್ ಕೇಳಿದ್ದಕ್ಕೆ ಮಾತ್ರ ಉತ್ತರವಿಲ್ಲ. ಪಕ್ಕದ ಕೇರಳದಲ್ಲಿ 2018ರಲ್ಲೇ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕಾನೂನಿನಲ್ಲಿ ಬಂದಿದೆ.

ಈಗ ಏಳುವ ಮೊದಲು ಬೈರಾಸನ್ನು ಪಾದದ ಬೆರಳಿಗೆ ಸಿಕ್ಕಿಸಿ ಎಳೆಯುತ್ತೇನೆ. ಮೂರು ತಿಂಗಳಲ್ಲಿ ನೋವು ಮುಕ್ಕಾಲು ಇಳಿದಿದೆ. ಸ್ಟೂಲ್ ಇನ್ನೊಮ್ಮೆ ಕೇಳಲಿಕ್ಕುಂಟು, ಈ ಸಲ ನಾವು ಐದು ಜನ ಒಟ್ಟಿಗೆ.