ಹುಳವಿದ್ದರೆ ಬೇಡ, ಇಲ್ಲದಿದ್ದರೆ ಅನುಮಾನ!

ಮೈಸೂರು: ಬದನೆಕಾಯಿ ಕೊಳ್ಳುವಾಗ ನಮ್ಮ ಜನ ಮಾಡುವ ಮೊದಲ ಕೆಲಸ ಯಾವುದು? ಕೈಗೆತ್ತಿಕೊಂಡು ಸುತ್ತಲೂ ತಿರುಗಿಸಿ ನೋಡುವುದು. ಸೂಜಿ ಮೊನೆಯಷ್ಟು ತೂತು ಕಂಡರೂ ಸಾಕು, ‘ಹುಳ ಐತಲ್ಲಪ್ಪಾ’ ಎಂದು ಗುಡ್ಡೆಗೆ ವಾಪಸ್ ಹಾಕುತ್ತಾರೆ. ಒಂದೂ ತೂತಿಲ್ಲದೆ ಮಿರಮಿರನೆ ಮಿಂಚುತ್ತಿದ್ದರೆ? ‘ಎಷ್ಟು ಔಷಧಿ ಹೊಡ್ದವ್ರೋ ಏನೋ’ ಎಂದು ಗೊಣಗುತ್ತಲೇ ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಹುಳವಿದ್ದರೆ ಬೇಡ, ಇಲ್ಲದಿದ್ದರೆ ಅನುಮಾನ. ಹಾಗಾದರೆ ಬೆಳೆಯುವವನು ಏನು ಮಾಡಬೇಕು ಸ್ವಾಮಿ?

ಈ ಅನುಮಾನದ ನಡುವೆಯೇ ‘ಸಾವಯವ ತರಕಾರಿ ದೊರೆಯುತ್ತದೆ’ ಎಂಬ ಬೋರ್ಡುಗಳು ಬಡಾವಣೆಗಳಲ್ಲಿ ಎದ್ದಿವೆ. ಬೆಲೆ ಒಂದಿಷ್ಟು ಹೆಚ್ಚು. ಕೊಳ್ಳುವವರೂ ಇದ್ದಾರೆ. ಆದರೆ ಗೊಬ್ಬರದ ಗುಂಡಿ ನೆಚ್ಚಿ ಬೆಳೆದ ಬದನೆಗೂ ಔಷಧಿಯ ಡಬ್ಬಿ ನೆಚ್ಚಿ ಬೆಳೆದ ಬದನೆಗೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಬೋರ್ಡು ಬರೆಸಲು ಬೇಕಾದದ್ದು ಬಣ್ಣ, ಕುಂಚ ಮಾತ್ರ. ತರಕಾರಿ ಬೆಳೆಯಲು ಬೇಕಾದದ್ದು ವರ್ಷಗಳು. ಪೇಚು ಇರುವುದು ಇಲ್ಲೇ.

ಬದನೆಯ ಪಾಡು

ಮೈಸೂರಿಗೆ ಬದನೆ ಹೊಸದಲ್ಲ. ಈರನಗೆರೆಯ ಹೆಸರನ್ನೇ ಹೊತ್ತ ಬದನೆ ಇಲ್ಲಿದೆ. ಹೀಗಿದ್ದೂ ಔಷಧಿಯ ಹೊಡೆತ ಹೆಚ್ಚು ತಿನ್ನುವ ತರಕಾರಿಗಳಲ್ಲಿ ಬದನೆಯೂ ಒಂದು. ಕಾರಣ, ಕುಡಿ ಮತ್ತು ಕಾಯಿ ಕೊರೆಯುವ ಹುಳು. ಪತಂಗ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ಮೊದಲು ಎಳೆ ಕುಡಿಯೊಳಕ್ಕೆ, ಆಮೇಲೆ ಕಾಯಿಯೊಳಕ್ಕೆ ನುಗ್ಗುತ್ತದೆ. ಒಮ್ಮೆ ಒಳಗೆ ಸೇರಿತೋ, ಹೊರಗೆ ಹೊಡೆದ ಔಷಧಿ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ರೈತ ಮತ್ತೆ ಹೊಡೆಯುತ್ತಾನೆ. ಮತ್ತೂ ಹೊಡೆಯುತ್ತಾನೆ.

ಔಷಧಿ ಹೊಡೆದ ಮೇಲೆ ಇಂತಿಷ್ಟು ದಿನ ಕಾಯಿ ಕೀಳಬಾರದು ಎಂಬ ಲೆಕ್ಕವಿದೆ. ಆದರೆ ಬದನೆ ವಾರಕ್ಕೊಂದೆರಡು ಸಲ ಕೀಳಲೇಬೇಕಾದ ಬೆಳೆ. ಬಲಿತರೆ ಯಾರೂ ಮೂಸಿ ನೋಡುವುದಿಲ್ಲ. ಕಾಯುತ್ತಾ ಕೂತರೆ ಕಾಯಿ ಹಾಳು, ಕಿತ್ತರೆ ಔಷಧಿಯ ಅಂಶ ನಮ್ಮ ಹುಳಿಗೆ! ಮೋನೋಕ್ರೋಟೋಫಾಸ್ ಎಂಬ ಕಡು ವಿಷವನ್ನು ತರಕಾರಿಗೆ ಬಳಸಕೂಡದೆಂದು ಕೇಂದ್ರ ಸರ್ಕಾರ ಆದೇಶ ಮಾಡಿದ್ದು 2005ರಲ್ಲಿ. ಆದೇಶ ಕಾಗದದಲ್ಲಿದ್ದರೆ ಸಾಲದು, ಹೊಲದ ಬದುವಿನವರೆಗೂ ಬರಬೇಕು.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಔಷಧಿ ಡಬ್ಬಿಯ ಮೇಲೆ ಹಸಿರು ಗುರುತು ಕಂಡರೆ ‘ಇದು ಸಾವಯವ’ ಎನ್ನುವವರಿದ್ದಾರೆ. ಅಲ್ಲ. ಕೆಂಪು ಗುರುತು ಎಂದರೆ ಅತಿ ಘೋರ ವಿಷ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ವಿಷದ ಉಗ್ರತೆ ಇಳಿಯುತ್ತಾ ಹೋಗುತ್ತದೆ ಅಷ್ಟೇ. ಹಸಿರು ಗುರುತಿನದೂ ವಿಷವೇ.

ಡಬ್ಬಿ ಇಲ್ಲದೆ ಆಗದೇ?

ಆಗುತ್ತದೆ. ಆದರೆ ಮೈ ಬಗ್ಗಬೇಕು. ಬಾಡಿದ ಕುಡಿಗಳನ್ನು ವಾರ ವಾರವೂ ಚಿವುಟಿ ನಾಶ ಮಾಡಬೇಕು. ಗಂಡು ಪತಂಗಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆಗಳನ್ನು ಕಟ್ಟಬೇಕು. 5 ಕಿಲೋ ಬೇವಿನ ಬೀಜದ ತಿರುಳನ್ನು ಪುಡಿ ಮಾಡಿ ರಾತ್ರಿಯೆಲ್ಲ ನೆನೆಹಾಕಿ, ಸೋಸಿ, 100 ಲೀಟರ್ ನೀರಿಗೆ ಬೆರೆಸಿ ಸಿಂಪಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಬದನೆ ಕಿತ್ತ ಜಾಗದಲ್ಲಿ ಮತ್ತೆ ಬದನೆಯನ್ನೋ ಅದೇ ಜಾತಿಗೆ ಸೇರಿದ ಟೊಮೆಟೊವನ್ನೋ ಹಾಕಬಾರದು. ಹುರುಳಿಕಾಯಿ, ಅಲಸಂದೆ ಹಾಕಿದರೆ ಹುಳಕ್ಕೆ ಊಟ ತಪ್ಪುತ್ತದೆ, ನೆಲಕ್ಕೆ ಸಾರಜನಕ ಸಿಗುತ್ತದೆ.

ಟೊಮೆಟೊಗೆ ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಒಂದು ಸೊಗಸಾದ ಉಪಾಯ ಹೇಳಿಕೊಟ್ಟಿದೆ. 16 ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಚೆಂಡುಹೂ. ಕಾಯಿ ಕೊರಕದ ಪತಂಗ ಟೊಮೆಟೊ ಬಿಟ್ಟು ಹೂವಿನತ್ತ ಹೋಗುತ್ತದೆ. ಚೆಂಡುಹೂವಿಗೆ ಆಯುಧಪೂಜೆ, ದೀಪಾವಳಿಯಲ್ಲಿ ಗಿರಾಕಿ ಇದ್ದೇ ಇದ್ದಾರೆ. ಒಂದೇ ಸಾಲಿನಲ್ಲಿ ಎರಡು ಲಾಭ!

ಇನ್ನು ಜೀವಾಮೃತ. 200 ಲೀಟರ್ ನೀರಿಗೆ 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಎರಡು ದಿನ ನೆರಳಲ್ಲಿಟ್ಟು ಎಕರೆಗೆ ಹಾಯಿಸುವುದು. ಸುಭಾಷ್ ಪಾಳೇಕರರ ಈ ವಿಧಾನ ನಮ್ಮ ರೈತಸಂಘದವರ ಮೂಲಕ ಹಳ್ಳಿ ಹಳ್ಳಿಗೂ ಹೋಯಿತು. ಇದೊಂದೇ ಸಾಕೆಂಬ ವಾದಕ್ಕೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಕಾಂಪೋಸ್ಟು, ಹಸಿರೆಲೆ ಗೊಬ್ಬರದ ಜೊತೆಗೆ ಬಳಸುವುದು ಜಾಣತನ.

ನಡುನೀರಿನ ಎರಡು ವರ್ಷ

ಗೊಬ್ಬರದ ಚೀಲ ಬಿಟ್ಟ ಮಾರನೇ ದಿನವೇ ಹೊಲ ಸಾವಯವ ಆಗುವುದಿಲ್ಲ. ತರಕಾರಿಯಂಥ ಬೆಳೆಗೆ ಎರಡು ವರ್ಷ, ತೋಟದ ಬೆಳೆಗೆ ಮೂರು ವರ್ಷ ಪರಿವರ್ತನೆಯ ಅವಧಿ ಎಂದು ನಿಯಮವೇ ಹೇಳುತ್ತದೆ. ಈ ಅವಧಿಯಲ್ಲಿ ಇಳುವರಿ ಸಾಮಾನ್ಯವಾಗಿ ಇಳಿಯುತ್ತದೆ, ಕೂಲಿ ಏರುತ್ತದೆ. ಆದರೆ ಮಂಡಿಗೆ ಹೋದರೆ ಎಲ್ಲರ ಬದನೆಯೂ ಒಂದೇ ಗುಡ್ಡೆ, ಒಂದೇ ಹರಾಜು. ತೂತು ಬಿದ್ದದ್ದಕ್ಕೆ ಬೆಲೆ ಕಡಿತ ಬೇರೆ! ಪ್ರಾಮಾಣಿಕ ರೈತ ಕೈಚೆಲ್ಲುವುದು ಇಲ್ಲಿ. ಅವನು ಸೋಲುವುದು ಹುಳದ ಮುಂದಲ್ಲ, ತಕ್ಕಡಿಯ ಮುಂದೆ.

ಆತುರ ಪಟ್ಟರೆ ಏನಾಗುತ್ತದೆ ಎಂಬುದಕ್ಕೆ ಶ್ರೀಲಂಕೆಯೇ ಸಾಕ್ಷಿ. 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಗೇ ನಿಲ್ಲಿಸಿತು. ಭತ್ತ, ಚಹಾ ಎರಡೂ ಪೆಟ್ಟು ತಿಂದವು. ಅದೇ ವರ್ಷದ ನವೆಂಬರ್ ಹೊತ್ತಿಗೆ ಆದೇಶ ಸಡಿಲಿಸಬೇಕಾಯಿತು. ಸಿಕ್ಕಿಂ ಹಾಗಲ್ಲ. 2003ರ ಸುಮಾರಿಗೆ ಶುರು ಮಾಡಿ, ಹಂತ ಹಂತವಾಗಿ ನಡೆದು, 2016ರ ಜನವರಿಯಲ್ಲಿ ಪೂರ್ಣ ಸಾವಯವ ರಾಜ್ಯವೆಂದು ಘೋಷಿಸಿಕೊಂಡಿತು. ಅರ್ಧ ಎಕರೆಯಿಂದ ಶುರು ಮಾಡಿ ಎಂದು ತಿಳಿದವರು ಹೇಳುವುದು ಸುಮ್ಮನೆ ಅಲ್ಲ.

ಬೋರ್ಡು ನಂಬುವುದು ಹೇಗೆ?

ಸಾವಯವ ಆಹಾರದ ಮಾರಾಟಕ್ಕೆಂದೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ನಿಯಮ ತಂದಿದೆ. ಎರಡು ದಾರಿಗಳಿವೆ. ಒಂದು, ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡಿ ಕೊಡುವ ಪ್ರಮಾಣಪತ್ರ. ಇದಕ್ಕೆ ಖರ್ಚಿದೆ. ಎರಡನೆಯದು ಪಿ.ಜಿ.ಎಸ್. ಒಂದೇ ಊರಿನ ಅಥವಾ ಅಕ್ಕಪಕ್ಕದ ಊರಿನ ಕನಿಷ್ಠ ಐವರು ರೈತರು ಗುಂಪು ಕಟ್ಟಿಕೊಂಡು, ಒಬ್ಬರ ಹೊಲ ಇನ್ನೊಬ್ಬರು ನೋಡಿ ಖಾತರಿ ಕೊಡುವುದು. ಸಣ್ಣ ಹಿಡುವಳಿಯವರಿಗೆ ಇದೇ ವಾಸಿ. ಪರಿವರ್ತನೆಯಲ್ಲಿರುವ ಹೊಲಕ್ಕೆ ‘ಪಿ.ಜಿ.ಎಸ್. ಗ್ರೀನ್’, ಪೂರ್ತಿಯಾದದ್ದಕ್ಕೆ ‘ಪಿ.ಜಿ.ಎಸ್. ಆರ್ಗ್ಯಾನಿಕ್’ ಎಂಬ ಮುದ್ರೆ ಸಿಗುತ್ತದೆ.

ತಾನು ಬೆಳೆದದ್ದನ್ನು ತಾನೇ ನೇರವಾಗಿ ಗಿರಾಕಿಗೆ ಮಾರುವ, ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನ ಸಣ್ಣ ರೈತನಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಆದರೆ ಅವನು ‘ಜೈವಿಕ್ ಭಾರತ್’ ಮುದ್ರೆ ಹಾಕುವಂತಿಲ್ಲ.

ಅಂಗಡಿಯವರಿಗೆ ಒಂದು ಮಾತು. ಬೇರೆಯವರಿಂದ ಕೊಂಡು ‘ಸಾವಯವ’ ಎಂದು ಮಾರುವಿರಾದರೆ ಪ್ರಮಾಣಪತ್ರದ ನಂಬರ್ ಇರುವ ಬಿಲ್ಲನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಗಿರಾಕಿ ಕೇಳಿದರೆ ಮುಖ ಸಿಂಡರಿಸದೆ ತೋರಿಸಿ. ಗಿರಾಕಿಗಳಿಗೂ ಒಂದು ಮಾತು. ಕೇಳಲು ನಾಚಿಕೆ ಬೇಡ. ಯಾವ ಊರು, ಯಾರ ಹೊಲ, ಕಿತ್ತದ್ದು ಯಾವಾಗ? ನಿಜವಾಗಿ ಬೆಳೆದವನು ಈ ಪ್ರಶ್ನೆಗೆ ಸಂತೋಷದಿಂದ ಉತ್ತರ ಹೇಳುತ್ತಾನೆ. ಹನ್ನೆರಡು ತಿಂಗಳೂ ಎಲ್ಲ ತರಕಾರಿಯೂ ಒಂದೇ ಅಂಗಡಿಯಲ್ಲಿ ಸಾವಯವವಾಗಿಯೇ ಸಿಗುತ್ತಿದ್ದರೆ ಇನ್ನೂ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿ. ಮತ್ತೆ, ತೂತು ಬಿದ್ದ ಬದನೆ ಸಿಕ್ಕರೆ ಆ ಭಾಗ ಕತ್ತರಿಸಿ ಬಿಸಾಡಿ, ಉಳಿದದ್ದು ಎಣ್ಣೆಗಾಯಿಗೆ ಸಾಕು.

ಆಗಬೇಕಾದ್ದು

ಸಾವಯವ ಕೃಷಿಗೆಂದೇ ನೀತಿ ಮಾಡಿದ ಮೊದಲ ರಾಜ್ಯ ನಮ್ಮದು, 2004ರಲ್ಲಿ. 2013-14ರಲ್ಲಿ ಸಾವಯವ ಭಾಗ್ಯ ಯೋಜನೆಯೂ ಬಂತು. ನೀತಿ, ಯೋಜನೆಗಳಿಗೆ ಬರವಿಲ್ಲ. ಬರ ಇರುವುದು ಮಾರುವ ಜಾಗಕ್ಕೆ. ವಾರಕ್ಕೆ ಎರಡು ದಿನ ಬೆಳಿಗ್ಗೆ, ಮಾರುಕಟ್ಟೆಯ ಒಂದು ಮೂಲೆಯಲ್ಲೋ ಸಬರ್ಬನ್ ಬಸ್ ನಿಲ್ದಾಣದ ಪಕ್ಕದಲ್ಲೋ ಪಿ.ಜಿ.ಎಸ್. ಗುಂಪಿನ ರೈತರಿಗೆ ಹತ್ತು ಹೆಜ್ಜೆ ಜಾಗ, ಒಂದು ನೆರಳು, ಒಂದು ತಕ್ಕಡಿ. ಪರಿವರ್ತನೆಯಲ್ಲಿರುವ ‘ಗ್ರೀನ್’ ರೈತರಿಗೂ ಅಲ್ಲೇ ಕೂರಲು ಅವಕಾಶ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಮನಸ್ಸು ಬೇಕು. ಸಂಜೆ ಬಸ್ ಹತ್ತುವ ಮುನ್ನ ಚೀಲ ತುಂಬಿಕೊಳ್ಳುವ ಜನ ನಮ್ಮಲ್ಲಿ ಸಾವಿರಾರು.

ನಗರಪಾಲಿಕೆಯವರು, ತೋಟಗಾರಿಕೆ ಇಲಾಖೆಯವರು ಇತ್ತ ಗಮನ ಹರಿಸುವರೇ?