ಮುಚ್ಚಿದ ಕದದ ಹಿಂದಿನ ಪ್ರಾಣ

ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ, ಡೌನ್‌ಟೌನ್ ಈಸ್ಟ್‌ಸೈಡ್ ಎಂಬ ಬಡಾವಣೆಯ ಹಳೆಯ ವಸತಿಗೃಹಗಳಲ್ಲಿ, ನೆಲೆಯಿಲ್ಲದೆ ಬೀದಿಪಾಲಾದವರಿಗೆ ತಲಾ ಒಂದು ಕೋಣೆಯನ್ನು ಕೊಟ್ಟು, ಅವರ ಯೋಗಕ್ಷೇಮವನ್ನು ವಿಚಾರಿಸಲು ಅಲ್ಲಿಯೇ ಸಿಬ್ಬಂದಿಯನ್ನು ಇರಿಸುವ ಪದ್ಧತಿಯುಂಟು. ಚಳಿಮಳೆಗಳಿಂದ ಅವರನ್ನು ಕಾಪಾಡುವ ಆ ಕೋಣೆಯ ಕದವೇ, ಮಾದಕದ್ರವ್ಯದ ವ್ಯಸನಕ್ಕೆ ಸಿಲುಕಿದವರ ಪಾಲಿಗೆ ಪ್ರಾಣಕ್ಕೆ ಎರವಾಗುತ್ತಿರುವುದು ಅತ್ಯಂತ ಶೋಚನೀಯವಾದ ಸಂಗತಿ. ಬೀದಿಯಲ್ಲಿ ಬಿದ್ದವನನ್ನು ದಾರಿಹೋಕರಾದರೂ ಕಂಡಾರು; ಅಗುಳಿ ಹಾಕಿದ ಕೋಣೆಯಲ್ಲಿ ಬಿದ್ದವನನ್ನು ಕಾಣುವವರಾರು?

ಮಾದಕದ್ರವ್ಯದಿಂದಾಗುವ ಸಾವುಗಳು ಮಿತಿಮೀರಿದ ಕಾರಣ, ವ್ಯಾಂಕೂವರ್ ಸೇರಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತವು 2016ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಆರೋಗ್ಯದ ತುರ್ತುಸ್ಥಿತಿಯನ್ನು ಘೋಷಿಸಿತು. ಆದಾಗ್ಯೂ 2023ರ ಒಂದೇ ವರ್ಷದಲ್ಲಿ ಅಲ್ಲಿ 2500ಕ್ಕೂ ಮಿಕ್ಕಿ ಜನರು ಹೀಗೆ ಅಸುನೀಗಿದರು. ಅವರಲ್ಲಿ ಬಹುಪಾಲು ಮಂದಿ ಸತ್ತದ್ದು ಬೀದಿಯಲ್ಲಲ್ಲ, ನಾಲ್ಕು ಗೋಡೆಗಳ ನಡುವೆ. ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಪ್ರಬಲವಾದ ಫೆಂಟನಿಲ್ ಎಂಬ ಮಾದಕದ್ರವ್ಯ ಮೈಯೊಳಗೆ ಸೇರಿದಾಗ, ಉಸಿರಾಟವನ್ನು ನಡೆಸತಕ್ಕ ಮಿದುಳಿನ ಭಾಗವು ಮಂಕಾಗಿ, ಉಸಿರು ಕ್ಷೀಣಿಸುತ್ತದೆ. ಪ್ರಾಣವಾಯುವಿಲ್ಲದೆ ನಾಲ್ಕಾರು ನಿಮಿಷಗಳು ಕಳೆದರೆ ಮಿದುಳಿಗೆ ಒದಗುವ ಹಾನಿ ಸರಿಪಡಿಸಲಾಗದಂಥದು. ನಲೋಕ್ಸೋನ್ ಎಂಬ ಪ್ರತ್ಯೌಷಧವು ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲುದು. ಆದರೆ ಎಚ್ಚರ ತಪ್ಪಿದವನು ಅದನ್ನು ತಾನೇ ತೆಗೆದುಕೊಳ್ಳಲಾರನಾದ್ದರಿಂದ, ಆ ಹೊತ್ತಿಗೆ ಮತ್ತೊಬ್ಬರು ಬಂದೇ ತೀರಬೇಕು.

ಈ ಕೊರತೆಯನ್ನು ನೀಗಲೆಂದೇ ವ್ಯಾಂಕೂವರಿನ ಬ್ರೇವ್ ಎಂಬ ಸಹಕಾರಿ ಸಂಸ್ಥೆಯು ಎರಡು ಸಾಧನಗಳನ್ನು ರೂಪಿಸಿತು. ಮೊದಲನೆಯದು ಕೋಣೆಯಲ್ಲಿ ಇರಿಸುವ, ತಂತಿಯ ಹಂಗಿಲ್ಲದ ಒಂದು ಚಿಕ್ಕ ಗುಂಡಿ. ನಿವಾಸಿಯು ಅದನ್ನು ಒತ್ತಿದೊಡನೆ ಸಿಬ್ಬಂದಿಯ ಫೋನಿಗೆ ಕೋಣೆಯ ಗುರುತಿನೊಡನೆ ಸಂದೇಶ ಮುಟ್ಟುತ್ತದೆ. ಎರಡನೆಯದು ಸಾಮೂಹಿಕ ಸ್ನಾನಗೃಹ, ಶೌಚಗೃಹಗಳಿಗೆ ಅಳವಡಿಸುವ ಸಂವೇದಕ. ಬಾಗಿಲು ಮುಚ್ಚಿ ಒಳಗಿರುವವರ ಚಲನೆಯು ನಿಂತುಹೋದರೆ ಅದು ತಾನಾಗಿಯೇ ಎಚ್ಚರಿಕೆ ಕಳುಹಿಸುತ್ತದೆ. ಅದರಲ್ಲಿ ಕ್ಯಾಮೆರಾ ಇಲ್ಲ. ಆದಕಾರಣ ಒಳಗಿರುವವರ ಮಾನಕ್ಕೆ ಕುಂದಿಲ್ಲ.

ಯಂತ್ರವು ಸುದ್ದಿ ಮುಟ್ಟಿಸೀತು. ಮೆಟ್ಟಿಲೇರಿ ಓಡಿಬಂದು, ಕದ ತೆರೆದು, ಔಷಧ ಕೊಟ್ಟು, ಅದರ ಪ್ರಭಾವವು ಗಂಟೆಯೊಂದರಲ್ಲಿಯೇ ಇಳಿದು ಉಸಿರು ಮತ್ತೆ ಕುಂದೀತೆಂಬ ಎಚ್ಚರದಿಂದ ಪಕ್ಕದಲ್ಲಿ ಕುಳಿತಿರಬೇಕಾದವನು ಮನುಷ್ಯನೇ. ಗುಂಡಿ ಒತ್ತಿದರೆ ಪೊಲೀಸರು ಬಂದಾರು, ಇದ್ದ ಸೂರೂ ತಪ್ಪೀತು ಎಂಬ ಭೀತಿಯಿದ್ದಲ್ಲಿ ಯಾವ ಕೈಯೂ ಅದರತ್ತ ಚಾಚದು. ಮಾದಕದ್ರವ್ಯದಿಂದ ಪ್ರಾಣಾಪಾಯ ಒದಗಿದಾಗ ನೆರವಿಗೆ ಕರೆದವರ ಮೇಲೆ ಮಾದಕವಸ್ತುವನ್ನು ಇರಿಸಿಕೊಂಡ ಆರೋಪ ಹೊರಿಸಕೂಡದೆಂದು ಕೆನಡಾ 2017ರಲ್ಲಿ ಶಾಸನ ಮಾಡಿದ್ದರ ಮರ್ಮ ಇದೇ.

ವ್ಯಸನಿಯು ವ್ಯಸನವನ್ನು ಬಿಟ್ಟ ಮೇಲೆ ಆತನನ್ನು ಉಳಿಸುವೆವೆನ್ನುವುದು ಧರ್ಮವಲ್ಲ, ವಿವೇಕವೂ ಅಲ್ಲ. ಬಿಡಬೇಕಾದರೆ ಆತನು ಮೊದಲು ಬದುಕಿರಬೇಕು. ಸಾಧನಕ್ಕೆ ಹಣ ಒದಗಿಸುವ ಸರಕಾರಗಳು, ಆ ಕರೆಗೆ ಓಗೊಡುವ ಸಿಬ್ಬಂದಿಗೂ ಅಷ್ಟೇ ಉದಾರವಾಗಿ ಒದಗಿಸತಕ್ಕದ್ದು.