ಮೊದಲ ಪ್ರೋಗ್ರಾಮಿಗೆ ಎಷ್ಟು ದೊಡ್ಡ ಯಂತ್ರ ಬೇಕು?

ಪ್ರೋಗ್ರಾಮಿಂಗ್ ಕಲಿಯಲು ಹೊರಟವರ ಮೊದಲ ಪ್ರಶ್ನೆ, ಯಾವ ಭಾಷೆ ಕಲಿಯಲಿ ಎಂಬುದು. ಇದಕ್ಕೆ ಉತ್ತರ ಹೇಳುವವರು ಓಣಿಗೊಬ್ಬರು ಸಿಗುತ್ತಾರೆ. ಎರಡನೆಯ ಪ್ರಶ್ನೆ, ಆ ಭಾಷೆಯನ್ನು ಯಾವುದರಲ್ಲಿ ಬರೆಯಲಿ ಎಂಬುದು. ಅದಕ್ಕೆ ಸೀನಿಯರ್ ತನ್ನ ಲ್ಯಾಪ್‌ಟಾಪಿನಲ್ಲಿ ಏನಿದೆಯೋ ಅದನ್ನೇ ಹಾಕಿಕೋ ಅಂದುಬಿಡುತ್ತಾನೆ. ಅವನದರಲ್ಲಿ 16 ಜಿಬಿ ಮೆಮೊರಿ ಇರುತ್ತದೆ, ಕೇಳಿದವಳದರಲ್ಲಿ 4.

ಆ 4 ಜಿಬಿಯಲ್ಲಿ ಒಂದಷ್ಟನ್ನು ವಿಂಡೋಸ್ ತನಗೆಂದೇ ಇಟ್ಟುಕೊಳ್ಳುತ್ತದೆ. ಪಾಠ ನೋಡಲು ತೆರೆದ ಬ್ರೌಸರ್ ಇನ್ನಷ್ಟನ್ನು ನುಂಗುತ್ತದೆ. ಉಳಿದ ಜಾಗದಲ್ಲಿ ದೊಡ್ಡ ತಂತ್ರಾಂಶವೊಂದು ಬಂದು ಕೂತರೆ, ವಿಂಡೋಸ್ ಸದ್ಯಕ್ಕೆ ಬಳಕೆಯಲ್ಲಿಲ್ಲದ ಮಾಹಿತಿಯನ್ನು ಮೆಮೊರಿಯಿಂದ ಡಿಸ್ಕಿಗೆ ಸಾಗಿಸತೊಡಗುತ್ತದೆ, ಬೇಕಾದಾಗ ಮತ್ತೆ ಒಳಗೆ ತರುತ್ತದೆ. ಮೆಮೊರಿಯಿಂದ ಒಂದು ತುಣುಕು ಓದಲು ಸೆಕೆಂಡಿನ ಒಂದು ಕೋಟಿಯ ಒಂದು ಭಾಗದಷ್ಟು ಹೊತ್ತು ಸಾಕು. ತಿರುಗುವ ಹಳೆಯ ಹಾರ್ಡ್‌ಡಿಸ್ಕಿಗೆ ಸೆಕೆಂಡಿನ ನೂರನೇ ಒಂದು ಭಾಗ ಬೇಕು. ಅಂದರೆ ಲಕ್ಷ ಪಟ್ಟು ನಿಧಾನ. ಒತ್ತಿದ ಅಕ್ಷರ ತೆರೆಯ ಮೇಲೆ ಮೂಡಲು ತಡವಾಗುವುದು ಇದರಿಂದಲೇ. ಕಲಿಯುವವಳು ಮಾತ್ರ ತಾನೇ ಏನೋ ತಪ್ಪು ಮಾಡಿದೆನೆಂದುಕೊಳ್ಳುತ್ತಾಳೆ.

ಹಾಗಾದರೆ ಆ ದೊಡ್ಡ ತಂತ್ರಾಂಶದೊಳಗೆ ಅಂಥದ್ದೇನಿದೆ? ನಿಜವಾಗಿ ಬೇಕಾದ್ದು ಮೂರ್ನಾಲ್ಕೇ ಭಾಗ. ಅಕ್ಷರಗಳನ್ನು ಬರೆದು ಉಳಿಸುವ ಎಡಿಟರ್, ಅದನ್ನು ಯಂತ್ರದ ಸೂಚನೆಗಳಾಗಿ ಬದಲಿಸುವ ಕಂಪೈಲರ್, ತುಣುಕುಗಳನ್ನು ಜೋಡಿಸುವ ಲಿಂಕರ್, ಒಂದೊಂದೇ ಸಾಲು ನಡೆಸಿ ತೋರಿಸುವ ಡೀಬಗ್ಗರ್. ಇವು ಬೇರೆ ಬೇರೆ ಪ್ರೋಗ್ರಾಮುಗಳು ಎಂಬುದನ್ನು ಹೊಸಬರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ವಿಎಸ್ ಕೋಡ್ ಹಾಕಿಕೊಂಡು, ಸಿ ಭಾಷೆಯ ನಾಲ್ಕು ಸಾಲು ಬರೆದು, ರನ್ ಒತ್ತಿದ ಬಹಳ ಮಂದಿಗೆ ಜಿಸಿಸಿ ಎಂಬ ಆದೇಶ ಗೊತ್ತಿಲ್ಲವೆಂಬ ದೂರು ಎದುರಾಗುತ್ತದೆ. ಜಿಸಿಸಿ ಎಂದರೆ ಕಂಪೈಲರ್. ವಿಎಸ್ ಕೋಡ್ ಎಡಿಟರ್ ಮಾತ್ರ. ಕಂಪೈಲರನ್ನು ಬೇರೆಯಾಗಿ ತಂದು, ಅದೆಲ್ಲಿದೆ ಎಂದು ವಿಂಡೋಸಿಗೆ ತಿಳಿಸುವುದು ಬಳಸುವವರ ಪಾಡು. ಮೊದಲ ಪ್ರೋಗ್ರಾಮು ಓಡುವ ಮೊದಲೇ ಒಂದು ವಾರಾಂತ್ಯ ಹೋಗಿರುತ್ತದೆ.

ಇವುಗಳಲ್ಲಿ ಎಡಿಟರನ್ನೂ ಕಂಪೈಲರನ್ನೂ ಒಂದೇ ಪುಟ್ಟ ಫೈಲಿಗೆ ತುಂಬಿದ್ದು 1983ರಲ್ಲಿ ಬೋರ್ಲೆಂಡ್ ಕಂಪನಿ ತಂದ ಟರ್ಬೊ ಪ್ಯಾಸ್ಕಲ್. ಅಲ್ಲಿಯವರೆಗೆ ಎಡಿಟರಿನಿಂದ ಹೊರಬಂದು, ಫ್ಲಾಪಿಯಿಂದ ಕಂಪೈಲರ್ ಓಡಿಸಿ, ಆಮೇಲೆ ಲಿಂಕರ್ ಓಡಿಸಿ, ತಪ್ಪು ಸಿಕ್ಕರೆ ಮತ್ತೆ ಎಡಿಟರಿಗೆ ಮರಳುವ ಸುತ್ತು ಇತ್ತು. ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್ ಬರೆದ ಕಂಪೈಲರು ಮೆಮೊರಿಯಲ್ಲಿದ್ದ ಪಠ್ಯವನ್ನು ಒಂದೇ ಓಟದಲ್ಲಿ ಓದಿ ನೇರವಾಗಿ ಯಂತ್ರಭಾಷೆಗೆ ಇಳಿಸುತ್ತಿತ್ತು. ತಪ್ಪಿದ್ದಲ್ಲಿಗೇ ಕರ್ಸರ್ ಹೋಗಿ ನಿಲ್ಲುತ್ತಿತ್ತು. ಬೆಲೆ 49.95 ಡಾಲರ್. ಅದರ 3.02 ಆವೃತ್ತಿಯ ಮುಖ್ಯ ಫೈಲಿನ ಗಾತ್ರ 39,731 ಬೈಟ್. ಇಂದಿನ ಮೊಬೈಲಿನ ಒಂದು ಫೋಟೊದ ಜಾಗದಲ್ಲಿ ಅಂಥ ಹತ್ತಾರು ಫೈಲುಗಳನ್ನು ಇಡಬಹುದು.

ಇದೇ ಮನೆತನದ ಟರ್ಬೊ ಸಿ++ ನಮ್ಮ ಎಂಜಿನಿಯರಿಂಗ್, ಡಿಪ್ಲೊಮಾ ಲ್ಯಾಬುಗಳ ನೀಲಿ ಪರದೆಯಾಗಿ ದಶಕಗಳ ಕಾಲ ಉಳಿಯಿತು. ಹಗುರವೇ ಬೇಕಿದ್ದರೆ ಅದನ್ನೇ ಇಟ್ಟುಕೊಳ್ಳಬಹುದಲ್ಲ ಎಂದು ವಾದಿಸುವ ಮೇಷ್ಟ್ರುಗಳು ಈಗಲೂ ಇದ್ದಾರೆ. ಅದರಲ್ಲಿ ಇಂಟ್ ಬಳಸಿ 1ರಿಂದ 7ರವರೆಗಿನ ಸಂಖ್ಯೆಗಳ ಗುಣಲಬ್ಧ ಕೇಳಿ, 5040 ಎಂದು ಸರಿಯಾಗಿ ಹೇಳುತ್ತದೆ. 8ರವರೆಗೆ ಕೇಳಿದರೆ ಬರಬೇಕಾದ್ದು 40320, ಬರುವುದು ಮೈನಸ್ 25216! ಅಲ್ಲಿ ಇಂಟ್ ಎಂದರೆ 16 ಬಿಟ್, 32767 ದಾಟಿದರೆ ಸಂಖ್ಯೆ ಮಗುಚಿಕೊಳ್ಳುತ್ತದೆ. ಟರ್ಬೊ ಸಿ++ ಹುಟ್ಟಿದ್ದು ಸಿ++ ಭಾಷೆಗೆ 1998ರಲ್ಲಿ ಅಂತರರಾಷ್ಟ್ರೀಯ ಮಾನಕ ಬರುವ ಮುಂಚೆ. ಹಾಗಾಗಿ ಅಲ್ಲಿ ಬಾಯಿಪಾಠವಾದ ಕೊನಿಯೊ ಹೆಡರ್, ಕ್ಲಿಯರ್ ಸ್ಕ್ರೀನ್, ವಾಯ್ಡ್ ಮೇನ್ ಹೊರಗಿನ ಕಂಪೈಲರುಗಳ ಮುಂದೆ ತಕರಾರು ತರುತ್ತವೆ. 64 ಬಿಟ್ ವಿಂಡೋಸಿನಲ್ಲಿ ಓಡಬೇಕಾದರೂ ಅದಕ್ಕೆ ಡಾಸ್‌ಬಾಕ್ಸ್ ಎಂಬ ಹಳೆ ಕಂಪ್ಯೂಟರಿನ ವೇಷ ಹಾಕಬೇಕು. ಹಳೆಯದೆಂಬ ಕಾರಣಕ್ಕೆ ಹಗುರವಾಗಿರುವುದನ್ನು ಹೊಸಬರ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

2015ರಲ್ಲಿ ಬಂದ ವಿಎಸ್ ಕೋಡಿನ ಭಾರಕ್ಕೆ ಬೇರೆ ಕಾರಣವಿದೆ. ಅದು ನಿಂತಿರುವುದು ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ, ಎಲೆಕ್ಟ್ರಾನಿನ ಹೊಟ್ಟೆಯಲ್ಲಿರುವುದು ಕ್ರೋಮ್ ಬ್ರೌಸರಿನ ತಿರುಳಾದ ಕ್ರೋಮಿಯಂ. ಎಡಿಟರ್ ತೆರೆದಿರೆಂದರೆ ಇನ್ನೊಂದು ಬ್ರೌಸರನ್ನೇ ತೆರೆದಂತೆ. ಅದರ ಹಿಂದೆ ಎಕ್ಸ್‌ಟೆನ್ಷನ್‌ಗಳಿಗೊಂದು ಪ್ರಕ್ರಿಯೆ, ಫೈಲುಗಳ ಮೇಲೆ ಕಣ್ಣಿಡಲು ಒಂದು, ಭಾಷೆಯ ಸರ್ವರ್ ಇನ್ನೊಂದು. ಈ ಸರ್ವರ್ ನೀವು ಬರೆದದ್ದನ್ನಷ್ಟೇ ಅಲ್ಲ, ಅದು ಎಳೆದು ತರುವ ಲೈಬ್ರರಿಗಳನ್ನೂ ಓದಿ ಮುಂದಿನ ಪದ ಯಾವುದಿರಬಹುದೆಂದು ಸೂಚಿಸುತ್ತದೆ. ವಿಎಸ್ ಕೋಡ್ ಬರೆದಿರುವ ಭಾಷೆ ಟೈಪ್‌ಸ್ಕ್ರಿಪ್ಟ್, ಅದರ ರೂವಾರಿ ಮೈಕ್ರೋಸಾಫ್ಟ್ ಸೇರಿದ ಅದೇ ಹೈಲ್ಸ್‌ಬರ್ಗ್. ಒಬ್ಬನೇ ಮನುಷ್ಯನ ಕೆಲಸದ ಎರಡು ತುದಿಗಳಲ್ಲಿ ಇಂಥ ಅಂತರ.

ಪೈಥಾನ್ ಕಲಿಯುವವರಿಗೆ ನಾನು ಹೇಳುವ ಹೆಸರು ಥಾನಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಕಲಿಯುವವರಿಗೆಂದೇ ಹುಟ್ಟಿದ್ದು ಅದು. ಪೈಥಾನನ್ನು ತನ್ನೊಳಗೇ ಹೊತ್ತು ತರುವುದರಿಂದ ಬೇರೆ ಏನನ್ನೂ ಹಾಕಬೇಕಿಲ್ಲ, ಎಫ್5 ಒತ್ತಿದರೆ ಪ್ರೋಗ್ರಾಮು ಓಡುತ್ತದೆ. ಅದರ ನಿಜವಾದ ಹೆಚ್ಚುಗಾರಿಕೆ ಡೀಬಗ್ಗರಿನಲ್ಲಿದೆ. ಬೆಲೆಯನ್ನು ಎಣಿಕೆಯಿಂದ ಗುಣಿಸಿ 20 ಕೂಡಿಸುವ ಒಂದು ಸಾಲಿದೆ ಎನ್ನಿ. ಥಾನಿ ಆ ಸಾಲನ್ನು ಒಂದೇ ಗುಟುಕಿಗೆ ಮುಗಿಸುವುದಿಲ್ಲ. ಮೊದಲು ಬೆಲೆಯ ಜಾಗದಲ್ಲಿ ಅದರ ಮೌಲ್ಯ, ಆಮೇಲೆ ಎಣಿಕೆಯ ಮೌಲ್ಯ, ಬಳಿಕ ಗುಣಲಬ್ಧ, ಕೊನೆಗೆ ಮೊತ್ತ, ಹೀಗೆ ಹೆಜ್ಜೆ ಹೆಜ್ಜೆಗೂ ತೋರಿಸುತ್ತದೆ. ಫಂಕ್ಷನ್ ಒಂದನ್ನು ಕರೆದರೆ ಅದಕ್ಕೆ ಬೇರೆಯೇ ಕಿಟಕಿ ತೆರೆಯುತ್ತದೆ. ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್ನಿನಲ್ಲಿ ಕಿಟಕಿಯ ಮೇಲೆ ಕಿಟಕಿ ಪೇರಿಸಿ ನಿಂತು, ಆಮೇಲೆ ಒಂದೊಂದಾಗಿ ಮುಚ್ಚಿಕೊಳ್ಳುವುದನ್ನು ಕಂಡರೆ ರಿಕರ್ಷನ್ ಅರ್ಥಮಾಡಿಸಲು ಬೋರ್ಡು ಬೇಕಾಗುವುದಿಲ್ಲ. ಪೈಥಾನಿನ ಜೊತೆಗೇ ಬರುವ ಐಡಲ್ ಕೂಡ ಹಗುರವೇ, ಆದರೆ ಈ ಸವಲತ್ತು ಅದರಲ್ಲಿಲ್ಲ.

ಸಿ ಭಾಷೆಗಾದರೆ ಲಿನಕ್ಸಿನಲ್ಲಿ ಜೀನಿ ಎಂಬ ಎಡಿಟರ್ ಸಾಕು. ಎಫ್9 ಒತ್ತಿದಾಗ ತಾನು ಕಂಪೈಲರಿಗೆ ಕೊಟ್ಟ ಆದೇಶವನ್ನು ಅದು ಕೆಳಗಿನ ಪಟ್ಟಿಯಲ್ಲಿ ಇದ್ದಂತೆಯೇ ತೋರಿಸುತ್ತದೆ. ಅದನ್ನೇ ನಕಲು ಮಾಡಿ ಟರ್ಮಿನಲ್ಲಿನಲ್ಲಿ ಅಂಟಿಸಿದರೆ ಅಲ್ಲೂ ಅದೇ ಕೆಲಸ ಆಗುತ್ತದೆ. ಬಟನ್ ಹಿಂದೆ ಮಾಯಾಜಾಲವಿಲ್ಲ, ಒಂದು ಸಾಲಿನ ಆದೇಶವಿದೆ ಎಂದು ತಿಳಿದವರಿಗೆ ಜಿಸಿಸಿ ಗೊತ್ತಿಲ್ಲವೆಂಬ ದೂರು ಮುಂದೆಂದೂ ದಿಗಿಲು ಹುಟ್ಟಿಸುವುದಿಲ್ಲ. ವಿಂಡೋಸಿನವರು ಕೋಡ್ ಬ್ಲಾಕ್ಸ್ ಹಾಕಿಕೊಳ್ಳಬಹುದು. ಇಳಿಸಿಕೊಳ್ಳುವಾಗ ಫೈಲಿನ ಹೆಸರಿನಲ್ಲಿ ಮಿಂಗ್‌ಡಬ್ಲ್ಯೂ ಎಂದಿರುವುದನ್ನೇ ಆರಿಸಿ, ಕಂಪೈಲರ್ ಸೇರಿ ಬರುವುದು ಅದರಲ್ಲಿ ಮಾತ್ರ.

ವಿಎಸ್ ಕೋಡಿಗೆ ಹೋಗುವ ದಿನವೂ ಬರುತ್ತದೆ. ಪ್ರಾಜೆಕ್ಟು ಹತ್ತಿಪ್ಪತ್ತು ಫೈಲುಗಳಿಗೆ ಹರಡಿ, ಒಂದು ಫಂಕ್ಷನ್ನಿನ ಹೆಸರು ಬದಲಿಸಿದರೆ ಎಲ್ಲೆಲ್ಲಿ ಬದಲಿಸಬೇಕೆಂದು ಹುಡುಕಿ ಸುಸ್ತಾದಾಗ, ಆ ಭಾಷೆಯ ಸರ್ವರ್ ತಿನ್ನುವ ಮೆಮೊರಿಗೆ ತಕ್ಕ ಕೆಲಸ ಮಾಡುತ್ತದೆ. ಅಲ್ಲಿಗೆ ಹೋದ ಮೇಲೂ ಹೊಸ ಭಾಷೆಯೊಂದನ್ನು ಶುರುಮಾಡಿದ ಮೊದಲ ಕೆಲವು ವಾರ ಪದ ಸೂಚಿಸುವ ಸೌಲಭ್ಯವನ್ನು ಸೆಟ್ಟಿಂಗ್ಸಿನಲ್ಲಿ ಆಫ್ ಮಾಡಿಡಿ. ಬೆರಳಿಗೆ ಸ್ವಲ್ಪ ಕೆಲಸ ಹೆಚ್ಚಾಗುತ್ತದೆ, ಅಷ್ಟೇ.